ತಾಂಡಾ ಮಕ್ಕಳಿಗೆ ಕನ್ನಡ ಕಲಿಸೋದು: ನನ್ನ ಅನುಭವ

ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂ ಒಬ್ಬರು ಕೇಳಿದ್ದಾರೆ. ವಿಜಯಪುರ ಜಿಲ್ಲೆಯ ತಾಂಡಾ ಶಾಲೆ, ಒಂದನೇ ಕ್ಲಾಸಲ್ಲಿ 22 ಮಕ್ಕಳು, ಅದರಲ್ಲಿ 18 ಮಕ್ಕಳ ಮನೆಮಾತು ಲಂಬಾಣಿ. ಪಾಠ ಅವರಿಗೆ ಅರ್ಥ ಆಗ್ತಿಲ್ಲ, ಮನೆಯಲ್ಲೂ ಕನ್ನಡ ಮಾತಾಡಿ ಅಂತ ತಾಯಂದಿರಿಗೆ ಹೇಳಲಾ ಅಂತ.

ಮೇಡಂ, ಅದೊಂದನ್ನು ಮಾತ್ರ ಹೇಳಬೇಡಿ. ನಾನು ಹೇಳಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಪಾಲಕರ ಸಭೆಯಲ್ಲಿ. ಎಲ್ಲರೂ ಹೂಂ ಅಂದರು. ಒಂದು ತಿಂಗಳಾದ ಮೇಲೆ ಒಬ್ಬ ತಾಯಿ ಬಂದು, "ಕನ್ನಡದಾಗ ಮಾತಾಡ್ರಿ ಅಂದ್ರಿ, ನನಗ ಬರೂದು ಸಂತ್ಯಾಗ ಕೇಳೂವಷ್ಟ ಕನ್ನಡ, ಅದಕ್ಕ ಮಗನ ಜೋಡಿ ಮಾತೇ ಕಮ್ಮಿ ಮಾಡೀನ್ರಿ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗುವಿಗೆ ಕಥೆ ಹೇಳೋದು, ಬೈಯೋದು, ಮುದ್ದು ಮಾಡೋದು ಎಲ್ಲಾ ಯಾವ ಭಾಷೆಯಲ್ಲಿ ಆಗುತ್ತೋ ಅದು ಜೋರಾಗಿ ನಡೀಲಿ. ಅಲ್ಲಿ ಗಟ್ಟಿಯಾದದ್ದೇ ಆಮೇಲೆ ಕನ್ನಡಕ್ಕೂ ಬರುತ್ತೆ.

ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗಿ ಎರಡು ತಿಂಗಳು ಬಾಯೇ ಬಿಡಲಿಲ್ಲ. ದಡ್ಡಿ ಇರಬೇಕು ಅಂತ ನಾವೆಲ್ಲ ತೀರ್ಮಾನಕ್ಕೆ ಬಂದುಬಿಟ್ಟಿದ್ದೆವು. ಒಂದು ದಿನ ಬಿಸಿಯೂಟದ ಹೊತ್ತಿಗೆ ಅಡುಗೆ ಕೋಣೆ ಬಾಗಿಲಲ್ಲಿ ನಿಂತು ಅಡುಗೆ ಅಕ್ಕನಿಗೆ ಏನೋ ಹೇಳ್ತಿದ್ದಳು, ಕೈ ಬಾಯಿ ಎಲ್ಲ ಆಡಿಸ್ತಾ, ನಿಲ್ಲಿಸದೆ. ಏನಂತೆ ಅಂತ ಕೇಳಿದೆ. ರಾತ್ರಿ ಮೇಕೆ ಮರಿ ಹಾಕಿದ್ದು, ಅಪ್ಪ ಟಾರ್ಚ್ ಹಿಡಿದದ್ದು, ಒಂದು ಮರಿ ಏಳದೇ ಇದ್ದದ್ದು, ಎಲ್ಲವನ್ನೂ ಮೊದಲಿಂದ ಕೊನೆವರೆಗೆ ಹೇಳಿದ್ದಳು. ಅವಳಿಗೆ ಮಾತು ಬರ್ತಿತ್ತು. ನನಗೆ ಅವಳ ಭಾಷೆ ಬರ್ತಿರಲಿಲ್ಲ, ಅಷ್ಟೇ.

ಅಲ್ಲಿಂದ ಅಡುಗೆ ಅಕ್ಕನನ್ನೇ ಕ್ಲಾಸಿಗೆ ಕರೆದೆವು. ಎಸ್‌ಡಿಎಂಸಿಯವರಿಗೆ (ಶಾಲೆಯ ಉಸ್ತುವಾರಿ ಸಮಿತಿಯವರಿಗೆ) ತಿಳಿಸಿ, ಒಲೆ ಹಚ್ಚೋಕೆ ಮುಂಚೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಅವರು ಲಂಬಾಣಿಯಲ್ಲಿ ಕಥೆ ಹೇಳೋರು, ಮಕ್ಕಳು ಅದನ್ನು ಕನ್ನಡದಲ್ಲಿ ನನಗೆ ತಿರುಗಿ ಹೇಳಬೇಕು. ಮೊದಮೊದಲು ಅರ್ಧ ಲಂಬಾಣಿ ಅರ್ಧ ಕನ್ನಡ. ನಾನು ತಡೀಲಿಲ್ಲ. ಬೋರ್ಡ್ ಮೇಲೆ 'ಪಾಣಿ' ಬರೆದು ಪಕ್ಕದಲ್ಲಿ 'ನೀರು', 'ಬಾಟಿ' ಬರೆದು ಪಕ್ಕದಲ್ಲಿ 'ರೊಟ್ಟಿ', 'ಯಾಡಿ' ಪಕ್ಕದಲ್ಲಿ 'ತಾಯಿ', ಎರಡೂ ಕನ್ನಡ ಅಕ್ಷರದಲ್ಲೇ. ತಮ್ಮ ಮಾತು ಬೋರ್ಡ್ ಮೇಲೆ ಬಂದದ್ದು ನೋಡಿ ಮಕ್ಕಳ ಮುಖ ಹೇಗಾಯ್ತು ಅಂತ ನೀವೇ ಮಾಡಿ ನೋಡಿ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಿಸೋ ಈ ಪದ್ಧತಿಯನ್ನು ವೇಲ್ಸ್‌ನ ಶಾಲೆಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ನಡುವೆ ಬೇಕಂತಲೇ ಬಳಸ್ತಿದ್ದರು, ಕೆನ್ ವಿಲಿಯಮ್ಸ್ (Cen Williams) 1994ರಲ್ಲಿ ಅದರ ಮೇಲೆ ಸಂಶೋಧನೆ ಮಾಡಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಒಂದು ತರಬೇತಿಯಲ್ಲಿ.

'ಗಾಡಿ ಬಂದಳು' ಅಂತಾರೆ ಮಕ್ಕಳು. ಅವರ ಭಾಷೆಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣು ಇದೆ. ನಗಬೇಡಿ, ನಗೋಕೆ ಬಿಡಲೂಬೇಡಿ. "ಹೌದಾ, ಗಾಡಿ ಬಂತಾ?" ಅಂತ ನೀವು ಸರಿಯಾಗಿ ಹೇಳಿ ಮುಂದೆ ಹೋಗಿ, ಸಾಕು.

ಇನ್ನೊಂದು ಮುಖ್ಯ ವಿಷಯ. ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ ಮೈದಾನದಲ್ಲಿ ಪಟಪಟ ಕನ್ನಡ ಮಾತಾಡ್ತಾರೆ. ಆಗ ನಾವು ಕನ್ನಡ ಬಂತು ಅಂದುಕೊಂಡು ಕೈ ಬಿಡ್ತೀವಿ. ನನ್ನ ಒಬ್ಬ ಹುಡುಗ ಲೆಕ್ಕದಲ್ಲಿ ಚುರುಕು, ಆದರೆ 'ಸೀತಾ ಹತ್ತಿರ 12 ಗೋಲಿ ಇವೆ, ಅವಳ ಹತ್ತಿರ ರವಿಗಿಂತ 5 ಜಾಸ್ತಿ ಇವೆ, ರವಿ ಹತ್ತಿರ ಎಷ್ಟು' ಅಂದರೆ ಪ್ರತಿ ಸಲ 17 ಬರೆಯೋನು. ಪಕ್ಕದಲ್ಲಿ ಕೂತು ಓದಿಸಿದಾಗ ಗೊತ್ತಾಯ್ತು, ಅವನಿಗೆ 'ಜಾಸ್ತಿ' ಗೊತ್ತು, ಆ 'ಗಿಂತ' ಗೊತ್ತಿಲ್ಲ. ಗೋಲಿ ಇಟ್ಟು ಲಂಬಾಣಿಯಲ್ಲಿ ಒಬ್ಬ ದೊಡ್ಡ ಹುಡುಗಿ ಹೇಳಿದಳು, ಐದು ನಿಮಿಷದಲ್ಲಿ ಹಿಡಿದ. ಆಟದ ಮಾತು ಸುಮಾರು ಎರಡು ವರ್ಷಕ್ಕೆ ಬರುತ್ತೆ, ಪುಸ್ತಕದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಅಂತ ಕೆನಡಾದ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳನ್ನು ನೋಡಿ ಹೇಳಿದ್ದು ನಮ್ಮ ತಾಂಡಾಕ್ಕೂ ಹಾಗೇ ಒಪ್ಪುತ್ತೆ.

ಅಕ್ಷರಕ್ಕೂ ಅವಸರ ಬೇಡ. ಬೆಂಗಳೂರಿನಲ್ಲಿ ಸೋನಾಲಿ ನಾಗ್ ಅವರು ಕನ್ನಡ ಓದೋ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೇ, ಗುಣಿತ ಒತ್ತಕ್ಷರ ಎಲ್ಲ ಕೈವಶ ಆಗೋಕೆ ಇಂಗ್ಲಿಷ್ ಅಕ್ಷರಗಳಿಗಿಂತ ತುಂಬಾ ಜಾಸ್ತಿ ವರ್ಷ ಹಿಡಿಯುತ್ತೆ ಅಂತ ಇದೆ. ಅರ್ಥ ಗೊತ್ತಿಲ್ಲದ ಪದವನ್ನು ಓದಿಸಿದರೆ ಬರೀ ಬಾಯಿಪಾಠ ಆಗುತ್ತೆ, ಅಲ್ವಾ.

ಕಬ್ಬು ಕಡಿಯೋಕೆ ಅಪ್ಪ ಅಮ್ಮನ ಜೊತೆ ಮಹಾರಾಷ್ಟ್ರಕ್ಕೆ ಹೋಗಿ ತಿಂಗಳುಗಟ್ಟಲೆ ಆದಮೇಲೆ ಬರೋ ಮಕ್ಕಳದ್ದು ಬೇರೆಯದೇ ಕಷ್ಟ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಯಾರಾದರೂ ಸರಿಯಾಗಿ ನಿಭಾಯಿಸಿದ್ದರೆ ದಯವಿಟ್ಟು ಬರೀರಿ.

ಮೇಡಂ, ನಿಮ್ಮ ಶಾಲೆಯ ಅಡುಗೆಯವರು ತಾಂಡಾದವರೇನಾ? ಅಕ್ಕ ಹೇಳಿದ ಹನ್ನೊಂದು ಕಥೆ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದೀನಿ. ಹೇಳಿ, ಫೋಟೋ ತೆಗೆದು ಕಳಿಸ್ತೀನಿ.