ಗಟ್ಟಿಮೇಳದ ಹೊತ್ತಿಗೆ ಕೈಕೊಡುವ ಫ್ಲ್ಯಾಶ್: ಹೊರಗಿನ ಬ್ಯಾಟರಿ ಪ್ಯಾಕ್ ಹಾಕಬೇಕಾ?

ಪ್ರಶ್ನೆ, ಹಾಸನದಿಂದ:

ನಮಸ್ಕಾರ ಸರ್. ಮದುವೆ ಫೋಟೋಗ್ರಫಿ ಶುರುಮಾಡಿ ಮೂರು ವರ್ಷ ಆಯಿತು. ನನ್ನ ಹತ್ತಿರ ಇರುವುದು ಯಾಂಗ್‌ನುವೊ ವೈಎನ್560 ಫ್ಲ್ಯಾಶ್. ಅದಕ್ಕೆ ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಪೆನ್ಸಿಲ್ ಸೆಲ್ ನಾಲ್ಕು ಹಾಕುತ್ತೇನೆ. ಹೋದ ಭಾನುವಾರ ಛತ್ರದಲ್ಲಿ ಗಟ್ಟಿಮೇಳ ಶುರುವಾಯಿತು. ಹುಡುಗ ತಾಳಿ ಎತ್ತಿದ. ಎರಡು ಸಲ ಫ್ಲ್ಯಾಶ್ ಹೊಡೆಯಿತು, ಮೂರನೇ ಸಲ ಸುಮ್ಮನಾಯಿತು. ಮತ್ತೆ ರೆಡಿ ದೀಪ ಬರೋಕೆ ಎಂಟು ಸೆಕೆಂಡ್! ಅಕ್ಷತೆ ಬೀಳುವ ಫೋಟೋ ಎಲ್ಲ ಕತ್ತಲು. ಹುಡುಗಿಯ ಸೋದರಮಾವ ಆಲ್ಬಂ ನೋಡಿ ಏನು ಹೇಳುತ್ತಾರೋ ಅನ್ನುವ ಭಯ ಇನ್ನೂ ಹೋಗಿಲ್ಲ.

ಸೊಂಟಕ್ಕೆ ಕಟ್ಟಿಕೊಳ್ಳುವ ಚಾರ್ಜಬಲ್ ಬ್ಯಾಟರಿ ಪ್ಯಾಕ್ ತಗೊಂಡರೆ ಈ ಕಾಟ ತಪ್ಪುತ್ತಾ? ಫ್ಲ್ಯಾಶ್ ಹಾಳಾಗುತ್ತೆ ಅಂತ ಕೆಲವರು ಹೆದರಿಸುತ್ತಾರೆ.

ಉತ್ತರ, ಫ್ಲ್ಯಾಶ್ ರಿಪೇರಿ ಮಾಡುವವರು, ಬೆಂಗಳೂರು:

ಪ್ಯಾಕ್ ವಿಷಯ ಆಮೇಲೆ. ಮೊದಲು ಆ ಆಲ್ಕಲೈನ್ ಸೆಲ್ ಬಿಡಿ.

ಫ್ಲ್ಯಾಶ್ ಒಳಗೆ ಒಂದು ದೊಡ್ಡ ಕೆಪಾಸಿಟರ್ ಇದೆ. ಅದನ್ನು ಕೊಡ ಅಂದುಕೊಳ್ಳಿ. ಸೆಲ್ ಕೊಡುವ ಆರು ವೋಲ್ಟನ್ನು ಒಳಗಿನ ಸರ್ಕ್ಯೂಟ್ ಸುಮಾರು 300 ವೋಲ್ಟ್‌ಗೆ ಏರಿಸಿ ಈ ಕೊಡ ತುಂಬಿಸುತ್ತದೆ. ನೀವು ಕ್ಲಿಕ್ ಮಾಡಿದಾಗ ಕೊಡದ ನೀರು ಒಮ್ಮೆಗೇ ಟ್ಯೂಬಿಗೆ ಸುರಿಯುತ್ತದೆ. ಮತ್ತೆ ತುಂಬುವವರೆಗೆ ಕಾಯಬೇಕು. ಕಾಯುವ ಹೊತ್ತು ನಲ್ಲಿಯ, ಅಂದರೆ ಸೆಲ್ಲಿನ, ಮೇಲೆ ನಿಂತಿದೆ. ಫುಲ್ ಪವರಿನಲ್ಲಿ ತುಂಬುವಾಗ ಫ್ಲ್ಯಾಶ್ ಸೆಲ್‌ಗಳಿಂದ ಐದಾರು ಆಂಪ್ ಎಳೆಯುತ್ತದೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಆಲ್ಕಲೈನ್ ಸೆಲ್ ಅಂದರೆ ದೊಡ್ಡ ಟ್ಯಾಂಕ್, ಸಣ್ಣ ಪೈಪ್. ಗೋಡೆ ಗಡಿಯಾರಕ್ಕೆ ಅದು ವರ್ಷಗಟ್ಟಲೆ ಬರುತ್ತದೆ. ಅಷ್ಟು ಕರೆಂಟ್ ಒಮ್ಮೆಗೇ ಕೇಳಿದರೆ ಮಾತ್ರ ಅದರ ವೋಲ್ಟೇಜ್ ಕುಸಿಯುತ್ತದೆ, ಸೆಲ್ಲೇ ಬಿಸಿಯಾಗುತ್ತದೆ.

ಎನ್‌ಐಎಂಎಚ್ (ನಿಕಲ್ ಮೆಟಲ್ ಹೈಡ್ರೈಡ್) ಚಾರ್ಜಬಲ್ ಸೆಲ್ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ, ಆಲ್ಕಲೈನ್ ಮೇಲೆ 1.5. ಅದನ್ನು ನೋಡಿ ಆಲ್ಕಲೈನೇ ಜೋರು ಅಂತ ತುಂಬಾ ಜನ ಮೋಸ ಹೋಗುತ್ತಾರೆ. ಭಾರ ಬಿದ್ದಾಗ ಕುಸಿಯದೆ ನಿಲ್ಲುವುದು 1.2ರದ್ದೇ. ಎನಿಲೂಪ್ ತರಹದ, ಇಟ್ಟಲ್ಲೇ ಚಾರ್ಜ್ ಬೇಗ ಸೋರದ ಸೆಲ್ ತಗೊಳ್ಳಿ. ಬಿಳಿ ಎನಿಲೂಪ್ ಹಿಡಿಯುವ ಚಾರ್ಜ್ ಸುಮಾರು 2000 ಎಂಎಎಚ್, ಕಪ್ಪು 2500. ಕಪ್ಪಿನದು ಒಂದು ಚಾರ್ಜಿಗೆ ಜಾಸ್ತಿ ಬರುತ್ತದೆ, ಆದರೆ ಬಿಳಿಯದರಷ್ಟು ಸಲ ಚಾರ್ಜ್ ತಾಳುವುದಿಲ್ಲ. ನಾನಾದರೆ ಬಿಳಿಯದನ್ನೇ ಮೂರು ಸೆಟ್ ಇಟ್ಟುಕೊಳ್ಳುತ್ತೇನೆ. ಸೆಟ್ ಮೇಲೆ ಮಾರ್ಕರಿನಲ್ಲಿ 1, 2, 3 ಬರೆಯಿರಿ, ಒಂದರ ಸೆಲ್ ಇನ್ನೊಂದರ ಜೊತೆ ಬೆರೆಸಬೇಡಿ. ನಾಲ್ಕರಲ್ಲಿ ಒಂದು ಸೋತರೂ ನಾಲ್ಕೂ ಸೋತ ಹಾಗೇ.

ಇನ್ನೊಂದು ಮಾತು. ತಾಳಿ ಕಟ್ಟುವಾಗ ಫುಲ್ ಪವರಿನಲ್ಲಿ ಇಟ್ಟಿದ್ದಿರಾ? ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ, ಎಷ್ಟಿತ್ತು? ಹಾಗೇ ಸೆಲ್ ಕೂರುವ ಜಾಗದ ಸ್ಪ್ರಿಂಗ್‌ಗಳ ಒಂದು ಫೋಟೋ ಹಾಕಿ.

ಹಾಸನದವರು:

ಹೌದು ಸರ್, ಫುಲ್ ಪವರ್. ಐಎಸ್‌ಒ 400. ಅದಕ್ಕಿಂತ ಏರಿಸಿದರೆ ಕಾಳುಕಾಳು ಬರುತ್ತೆ ಅಂತ ಭಯ. ಸ್ಪ್ರಿಂಗ್ ಫೋಟೋ ಸಂಜೆ ಹಾಕುತ್ತೇನೆ, ಫ್ಲ್ಯಾಶ್ ಅಂಗಡಿಯಲ್ಲಿದೆ.

ಉತ್ತರ:

ಐಎಸ್‌ಒ 800 ಮಾಡಿದರೆ ಅರ್ಧ ಪವರ್ ಸಾಕು, 1600 ಮಾಡಿದರೆ ಕಾಲು ಪವರ್. ಕೊಡದಿಂದ ಕಾಲು ಭಾಗ ಮಾತ್ರ ಖಾಲಿಯಾದರೆ ತುಂಬೋಕೂ ಹೆಚ್ಚುಕಡಿಮೆ ಕಾಲು ಹೊತ್ತು ಸಾಕು. ಎಂಟು ಸೆಕೆಂಡ್ ಇದ್ದದ್ದು ಎರಡಕ್ಕೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ. ಈಗಿನ ಕ್ಯಾಮೆರಾದಲ್ಲಿ 1600ರ ಫೋಟೋವನ್ನು ಆಲ್ಬಂ ಸೈಜಿಗೆ ಪ್ರಿಂಟ್ ಹಾಕಿದರೆ ಸೋದರಮಾವನಿಗೆ ಕಾಳು ಕಾಣುವುದಿಲ್ಲ. ಕತ್ತಲು ಮಾತ್ರ ಕಾಣುತ್ತದೆ.

ಈಗ ಪ್ಯಾಕ್ ವಿಷಯ. ಕೆಲವು ಫ್ಲ್ಯಾಶ್‌ಗಳ ಪಕ್ಕದಲ್ಲಿ ಸಣ್ಣ ಮುಚ್ಚಳದ ಕೆಳಗೆ ಮೂರು ಪಿನ್ನಿನ ಸಾಕೆಟ್ ಇರುತ್ತದೆ. ನಿಮ್ಮದರಲ್ಲೂ ಇದೆ. ಗೋಡಾಕ್ಸ್ ಪಿಬಿ960, ಕ್ಯಾನನ್ನಿನ ಸಿಪಿ-ಇ4, ನಿಕಾನಿನ ಎಸ್‌ಡಿ-9 ಇವೆಲ್ಲ ಆ ಜಾತಿಯ ಸಾಕೆಟ್ಟಿಗೆ ಮಾಡಿದ ಪ್ಯಾಕ್‌ಗಳು. ಇವು ಸೆಲ್ಲಿನ ಬದಲಿಗೆ ಆರು ವೋಲ್ಟ್ ಕೊಡುವುದಲ್ಲ. ಪ್ಯಾಕಿನ ಒಳಗೇ 300 ವೋಲ್ಟಿನ ಆಸುಪಾಸಿಗೆ ಏರಿಸಿ ನೇರ ಕೊಡಕ್ಕೆ ಸುರಿಯುತ್ತವೆ. ಅಂದರೆ ಕೊಡಕ್ಕೆ ಎರಡನೇ ನಲ್ಲಿ, ಅದೂ ದಪ್ಪ ನಲ್ಲಿ. ಕೊಡ ಮಾತ್ರ ಅಷ್ಟೇ. ಪ್ಯಾಕ್ ಹಾಕಿದರೆ ಬೆಳಕು ಜಾಸ್ತಿ ಆಗುತ್ತೆ ಅಂದುಕೊಂಡು ಬಂದವರು ಎಷ್ಟೋ ಜನ. ಆಗುವುದಿಲ್ಲ. ಬೇಗ ತುಂಬುತ್ತದೆ ಅಷ್ಟೇ.

ಪ್ಯಾಕ್ ಇದ್ದರೂ ಫ್ಲ್ಯಾಶ್ ಒಳಗೆ ಸೆಲ್ ಇರಲೇಬೇಕು ಅಂದುಕೊಳ್ಳಿ. ಡಿಸ್‌ಪ್ಲೇ, ಬಟನ್, ಜೂಮ್ ಮೋಟಾರ್ ಸಾಮಾನ್ಯವಾಗಿ ಅದರ ಮೇಲೇ ನಡೆಯುತ್ತವೆ. ಆಗ ಆ ಸೆಲ್ ದಿನಪೂರ್ತಿ ಬರುತ್ತದೆ.

ಹಾಸನದವರು:

ಸರ್, ಪಿಬಿ960 ಬೆಲೆ ನೋಡಿ ಸುಸ್ತಾಯಿತು. ನಮ್ಮ ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯವನು ಹೇಳುತ್ತಾನೆ, ಹಳೆ ಲ್ಯಾಪ್‌ಟಾಪ್ ಬ್ಯಾಟರಿಯ ಎರಡು ಸೆಲ್ ಸೀರೀಸ್ ಕಟ್ಟಿ, ಮರದ ಡಮ್ಮಿ ಸೆಲ್ ಮಾಡಿ, ಫ್ಲ್ಯಾಶ್ ಒಳಗೆ ವೈರ್ ಬಿಡೋಣ ಅಂತ. ಇಲ್ಲಾಂದರೆ ಪವರ್ ಬ್ಯಾಂಕ್?

ಉತ್ತರ:

ನಿಮ್ಮ ಪಕ್ಕದವನಿಗೆ ಕೈಮುಗಿದು ಬೇಡ ಅನ್ನಿ.

ಹಳೆ ಲ್ಯಾಪ್‌ಟಾಪ್ ಬ್ಯಾಟರಿಯ ಸೆಲ್ ಅಂದರೆ ಸಾಮಾನ್ಯವಾಗಿ 18650 ಅನ್ನುವ ಲಿಥಿಯಂ ಸೆಲ್. ಒಂದೊಂದು ಫುಲ್ ಚಾರ್ಜಿನಲ್ಲಿ 4.2 ವೋಲ್ಟ್. ಎರಡು ಸೇರಿದರೆ 8.4. ನಿಮ್ಮ ಫ್ಲ್ಯಾಶ್ ಇರುವುದು ಆರು ವೋಲ್ಟಿಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆಲ್ಕಲೈನ್ ಸೆಲ್ ಕರೆಂಟ್ ಕೊಡುವಾಗ ತಾನೇ ಸೋಲುತ್ತದೆ, ಹಾಗಾಗಿ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟಿನ ಟ್ರಾನ್ಸಿಸ್ಟರ್ ಬದುಕುತ್ತದೆ. ಲಿಥಿಯಂ ಸೆಲ್ ಸೋಲುವುದಿಲ್ಲ, ಕೇಳಿದಷ್ಟೂ ಕೊಡುತ್ತದೆ. ಮೊದಲ ದಿನ ಒಂದೇ ಸೆಕೆಂಡಿಗೆ ರೆಡಿ ದೀಪ ಬಂತು ಅಂತ ಖುಷಿಯಾಗುತ್ತದೆ. ಸ್ವಲ್ಪ ದಿನಕ್ಕೆ ಆ ಟ್ರಾನ್ಸಿಸ್ಟರ್ ಸುಡುತ್ತದೆ. ನನ್ನ ಟೇಬಲ್ ಮೇಲೆ ಇಂಥದ್ದೇ ಒಂದು ಬಂದಿತ್ತು. ಪಾಪ, ಆ ಹುಡುಗ ಆನ್‌ಲೈನಿನಲ್ಲಿ ಪೆನ್ಸಿಲ್ ಸೆಲ್ ಸೈಜಿನದ್ದೇ ಲಿಥಿಯಂ ಸೆಲ್ ತರಿಸಿದ್ದ, 14500 ಅಂತ ಬರುತ್ತದಲ್ಲ ಅದು. ನೋಡೋಕೆ ಥೇಟ್ ಪೆನ್ಸಿಲ್ ಸೆಲ್. ಆದರೆ ಒಂದೊಂದು 3.7 ವೋಲ್ಟ್. ನಾಲ್ಕು ಹಾಕಿದ್ದಾನೆ. ಲೆಕ್ಕ ನೀವೇ ಹಾಕಿ. ಬೋರ್ಡ್ ಬಿಚ್ಚಿದಾಗ ಬಂದ ಸುಟ್ಟ ವಾಸನೆ ಎರಡು ದಿನ ಅಂಗಡಿಯಲ್ಲೇ ಇತ್ತು.

ಪವರ್ ಬ್ಯಾಂಕ್ ಆಗಲ್ಲ. ಮಾಮೂಲಿ ಪವರ್ ಬ್ಯಾಂಕ್ 5 ವೋಲ್ಟಿನಲ್ಲಿ ಎರಡು ಮೂರು ಆಂಪ್ ಕೊಡುತ್ತದೆ. ಫ್ಲ್ಯಾಶ್ ಅದಕ್ಕಿಂತ ಜಾಸ್ತಿ ಎಳೆದ ತಕ್ಷಣ ಶಾರ್ಟ್ ಆಯಿತು ಅಂದುಕೊಂಡು ಬಂದ್ ಆಗುತ್ತದೆ. ಯುಎಸ್‌ಬಿ ಚಾರ್ಜಿಂಗಿನ 1.5 ವೋಲ್ಟ್ ಲಿಥಿಯಂ ಪೆನ್ಸಿಲ್ ಸೆಲ್ ಬಂದಿವೆಯಲ್ಲ, ಅವೂ ಇದೇ ಕಥೆ. ಅದರೊಳಗಿನ ಪುಟ್ಟ ಸರ್ಕ್ಯೂಟಿಗೆ ಫ್ಲ್ಯಾಶ್ ಸಾಕುವ ತಾಕತ್ತಿಲ್ಲ.

ಮತ್ತೆ ಆ ಮೂರು ಪಿನ್ನಿನ ಸಾಕೆಟ್. ಅದಕ್ಕೆ ಸ್ವಂತ ವೈರ್ ಕಟ್ಟುವ ಯೋಚನೆಯನ್ನೇ ಮಾಡಬೇಡಿ. ಅದು 300 ವೋಲ್ಟಿನ ದಾರಿ. ಹಾಗೇ ಫ್ಲ್ಯಾಶ್ ಆಫ್ ಮಾಡಿ ಸೆಲ್ ತೆಗೆದರೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ತುಂಬಾ ಹೊತ್ತು ನಿಂತಿರುತ್ತದೆ. ಸ್ಕ್ರೂ ಬಿಚ್ಚಿ ಕೈ ಹಾಕಿದರೆ ಒಳ್ಳೆ ಏಟು ಬೀಳುತ್ತದೆ, ಜೀವಕ್ಕೂ ಅಪಾಯ. ಇಷ್ಟು ವರ್ಷ ಇದೇ ಕೆಲಸ ಮಾಡುವ ನಾನೂ ಮೊದಲು ರೆಸಿಸ್ಟರ್ ಹಿಡಿದು ಡಿಸ್‌ಚಾರ್ಜ್ ಮಾಡಿ, ಮೀಟರ್ ಇಟ್ಟು ನೋಡಿಯೇ ಮುಟ್ಟುವುದು.

ಉಡುಪಿಯಿಂದ ಒಬ್ಬರು:

ಮಾರಾಯ್ರೆ, ಇಷ್ಟೆಲ್ಲ ಹೆದರಿಸಬೇಡಿ! ನಾನು ಪ್ಯಾಕ್ ಹಾಕಿ ನಾಲ್ಕು ವರ್ಷ ಆಯಿತು. ಒಂದು ಸೀಸನ್ನಿಗೆ ನಲವತ್ತು ಮದುವೆ. ಫ್ಲ್ಯಾಶಿಗೆ ಏನೂ ಆಗಿಲ್ಲ.

ಉತ್ತರ:

ನಾನು ಹೆದರಿಸಿದ್ದು ಮನೆಯಲ್ಲಿ ಕಟ್ಟಿದ ಪ್ಯಾಕಿಗೆ. ಕಂಪನಿ ಪ್ಯಾಕ್ ಚೆನ್ನಾಗಿಯೇ ಇರುತ್ತದೆ. ನೀವು ಎಷ್ಟು ಪವರಿನಲ್ಲಿ ಹೊಡೆಯುತ್ತೀರಿ?

ಉಡುಪಿಯವರು:

ಕಾಲು, ಇಲ್ಲಾಂದರೆ ಅದಕ್ಕೂ ಕಡಿಮೆ. ರಿಸೆಪ್ಷನಿನಲ್ಲಿ ಸಾಲು ನಿಲ್ಲುವುದೇ ಇಲ್ಲ ನೋಡಿ, ಅದಕ್ಕೇ ಪ್ಯಾಕ್.

ಉತ್ತರ:

ಅದಕ್ಕೇ ನಿಮ್ಮ ಫ್ಲ್ಯಾಶ್ ಇನ್ನೂ ಬದುಕಿದೆ! ಪ್ಯಾಕ್ ಇದ್ದಾಗ ಸಾಯಿಸುವುದು ವೋಲ್ಟೇಜ್ ಅಲ್ಲ, ಬಿಸಿ. ಬರೀ ಸೆಲ್ ಇದ್ದಾಗ ಮೂರ್ನಾಲ್ಕು ಸೆಕೆಂಡ್ ಕಾಯುತ್ತೀರಲ್ಲ, ಆ ಹೊತ್ತಿನಲ್ಲಿ ಟ್ಯೂಬ್ ಒಂಚೂರು ತಣಿಯುತ್ತದೆ. ಪ್ಯಾಕ್ ಆ ಬಿಡುವನ್ನೂ ತೆಗೆದುಬಿಡುತ್ತದೆ. ಫುಲ್ ಪವರಿನಲ್ಲಿ ಪಟಪಟ ಅಂತ ಹೊಡೆದರೆ ಮುಂದಿನ ಪ್ಲಾಸ್ಟಿಕ್ ಗಾಜು ಹಳದಿಯಾಗುತ್ತದೆ, ಆಮೇಲೆ ಮೇಣದ ಹಾಗೆ ಸೊಟ್ಟಗಾಗುತ್ತದೆ. ಅಂಥ ಫ್ಲ್ಯಾಶ್ ತಲೆಗಳು ನನ್ನ ಡ್ರಾಯರಿನಲ್ಲಿ ಅರ್ಧ ಡಜನ್ ಇವೆ. 2008ರಲ್ಲಿ ಬಂದ ನಿಕಾನ್ ಎಸ್‌ಬಿ-900 ನೆನಪಿದೆಯಾ? ಬಿಸಿಯಾದ ತಕ್ಷಣ ಅದು ತಾನೇ ನಿಲ್ಲುತ್ತಿತ್ತು. ಮದುವೆ ಮಧ್ಯೆ ನಿಂತಿತು ಅಂತ ಎಲ್ಲರೂ ಬೈದರು. ಬೈದವರ ಟ್ಯೂಬ್ ಉಳಿಸಿದ್ದೂ ಅದೇ. ಫುಲ್ ಪವರಿನಲ್ಲಿ ಹದಿನೈದು ಇಪ್ಪತ್ತು ಒಂದೇ ಸಮನೆ ಹೊಡೆದರೆ ಹತ್ತು ನಿಮಿಷ ಬಿಡುವು ಕೊಡಿ. ಎರಡನೇ ಫ್ಲ್ಯಾಶ್ ಇದ್ದರೆ ಬದಲಾಯಿಸಿಕೊಳ್ಳಿ.

ಧಾರವಾಡದಿಂದ ಒಬ್ಬ ಹಿರಿಯರು:

ನಮ್ಮ ಕಾಲದಲ್ಲಿ ಹೆಗಲಿಗೆ ಚರ್ಮದ ಚೀಲ, ಅದರೊಳಗೆ ಆರು ವೋಲ್ಟಿನ ಲೆಡ್ ಬ್ಯಾಟರಿ. ಊಟಕ್ಕೆ ಕೂತಾಗಲೂ ಕಳಚುತ್ತಿರಲಿಲ್ಲ. ಒಮ್ಮೆ ಆಸಿಡ್ ಸೋರಿ ಹೊಸ ಪ್ಯಾಂಟಿಗೆ ತೂತು ಬಿತ್ತು, ಅದೂ ನನ್ನ ತಂಗಿಯ ಮದುವೆಯಲ್ಲೇ. ಈಗಿನವರು ಪುಣ್ಯವಂತರು ಬಿಡ್ರಿ.

ಮೈಸೂರಿನಿಂದ ಒಬ್ಬರು:

ಸರ್, ಮುಂದಿನ ತಿಂಗಳು ಗೋವಾದಲ್ಲಿ ಮದುವೆ ಇದೆ, ವಿಮಾನದಲ್ಲಿ ಹೋಗಬೇಕು. ಪಿಬಿ960 ಒಯ್ಯಬಹುದಾ?

ಉತ್ತರ:

ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಲಗೇಜಿಗೆ ಹಾಕಿದರೆ ಕರೆದು ತೆಗೆಸುತ್ತಾರೆ. ಬ್ಯಾಟರಿಯ ಒಟ್ಟು ಶಕ್ತಿ 100 ವ್ಯಾಟ್-ಅವರ್ ಒಳಗೆ ಇರಬೇಕು. ಪಿಬಿ960ರದ್ದು 11.1 ವೋಲ್ಟ್, 4500 ಎಂಎಎಚ್, ಅಂದರೆ 50 ವ್ಯಾಟ್-ಅವರ್. ತೊಂದರೆ ಇಲ್ಲ. ಲೇಬಲ್ ಕಿತ್ತುಹೋಗಿದ್ದರೆ ಮಾತ್ರ ತಪಾಸಣೆಯವರ ಜೊತೆ ಜಗಳ, ಓದೋಕೆ ಬರುವ ಹಾಗೆ ಇಟ್ಟುಕೊಳ್ಳಿ. ಸಾಕೆಟ್ಟಿಗೆ ಟೇಪ್ ಹಾಕಿ.

ಅಂದಹಾಗೆ ಒಂದು ಸೆಟ್ ಬಿಳಿ ಎನಿಲೂಪ್ ಅಂದರೆ ಒಂಬತ್ತೂವರೆ ವ್ಯಾಟ್-ಅವರ್. ಹಾಗಾಗಿ ಈ ಪ್ಯಾಕ್ ಐದು ಸೆಟ್ಟಿಗೆ ಸಮ. ಬೆಲೆ ನೋಡುವಾಗ ಈ ಲೆಕ್ಕವೂ ತಲೆಯಲ್ಲಿರಲಿ.

ಹಾಸನದವರು, ಸಂಜೆ:

ಸರ್, ಸ್ಪ್ರಿಂಗ್ ಫೋಟೋ ಹಾಕಿದ್ದೇನೆ. ಎರಡು ಸ್ಪ್ರಿಂಗ್ ಬುಡದಲ್ಲಿ ಹಸಿರು-ಬಿಳಿ ಪುಡಿ ಇದೆ. ಇದೇನು?

ಉತ್ತರ:

ಸಿಕ್ಕಿತು ನೋಡಿ. ಯಾವಾಗಲೋ ಆಲ್ಕಲೈನ್ ಸೆಲ್ ಒಳಗೇ ಬಿಟ್ಟು ಸೋರಿದೆ. ಮಳೆಗಾಲದಲ್ಲಿ ಆರ್ಡರ್ ಇಲ್ಲದಾಗ ಫ್ಲ್ಯಾಶ್ ಬ್ಯಾಗಿನಲ್ಲೇ ಇತ್ತು, ಅಲ್ವಾ? ಐದಾರು ಆಂಪ್ ಹರಿಯುವ ದಾರಿಯಲ್ಲಿ ಆ ಪುಡಿ ಅಂದರೆ ಪೈಪಿಗೆ ಕಲ್ಲು ಸಿಕ್ಕಿದ ಹಾಗೆ. ಹೊಸ ಸೆಲ್ ಹಾಕಿದರೂ ನಿಧಾನವೇ. ಪ್ಯಾಕ್ ಹಾಕಿದ್ದರೆ ಈ ರೋಗ ಮುಚ್ಚಿಹೋಗುತ್ತಿತ್ತು, ಪುಡಿ ಒಳಗೊಳಗೇ ಬೋರ್ಡಿನವರೆಗೂ ತಿನ್ನುತ್ತಿತ್ತು.

ಸೆಲ್ ತೆಗೆದು, ಕಿವಿ ಹತ್ತಿಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಸ್ಪ್ರಿಂಗ್ ಒರೆಸಿ. ತೊಟ್ಟಿಕ್ಕಬಾರದು. ಪುಡಿ ಹೋದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೊಮ್ಮೆ ಒರೆಸಿ, ಒಂದು ರಾತ್ರಿ ಮುಚ್ಚಳ ತೆರೆದಿಟ್ಟು ಒಣಗಿಸಿ. ಆ ಪುಡಿ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ.

ಹಾಸನದವರು, ಎರಡು ದಿನದ ನಂತರ:

ಒರೆಸಿದೆ ಸರ್. ಸ್ನೇಹಿತನ ಹತ್ತಿರ ಒಂದು ಸೆಟ್ ಬಿಳಿ ಎನಿಲೂಪ್ ಸಾಲ ತಂದು ಹಾಕಿದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿದೆ. ಫುಲ್ ಪವರಿನಲ್ಲಿ ಮೂರು ಸೆಕೆಂಡ್! ಕಾಲು ಪವರಿನಲ್ಲಿ ಎಣಿಸೋಕೂ ಆಗಲಿಲ್ಲ, ಅಷ್ಟು ಬೇಗ. ಪ್ಯಾಕ್ ಈಗ ಬೇಡ ಅನ್ನಿಸುತ್ತಿದೆ. ಈ ಗುರುವಾರ ಮತ್ತೆ ಧಾರೆ ಇದೆ. ಚಾರ್ಜರ್ ಯಾವುದು ತಗೊಳ್ಳಲಿ?

ಉತ್ತರ:

ನಾಲ್ಕು ಸೆಲ್ಲಿಗೂ ಬೇರೆಬೇರೆ ದೀಪ ಇರುವ ಚಾರ್ಜರ್. ಜೋಡಿ ಜೋಡಿಯಾಗಿ ಚಾರ್ಜ್ ಮಾಡುವುದು ಬೇಡ, ಒಂದು ತುಂಬಿ ಇನ್ನೊಂದು ಅರ್ಧ ಉಳಿಯುತ್ತದೆ. ಬುಧವಾರ ಸಂಜೆಯೇ ಚಾರ್ಜಿಗೆ ಹಾಕಿ. ಸ್ನೇಹಿತನ ಸೆಲ್ ಗುರುವಾರದ ನಂತರ ವಾಪಸ್ ಕೊಡಿ, ಮೊದಲೇ ಕೊಡಬೇಡಿ.