ಬಣ್ಣದ ಗೆಣಸಿನ ಬಳ್ಳಿಯ ಗೆಡ್ಡೆ ತಿನ್ನಬಹುದೇ?

ತಾರಸಿತೋಟ: ಎರಡು ವರ್ಷದಿಂದ ಕುಂಡದಲ್ಲಿ ತಿಳಿಹಸಿರು ಎಲೆಯ ‘ಮಾರ್ಗರಿಟಾ’, ಕಡುನೇರಳೆ ಎಲೆಯ ‘ಬ್ಲ್ಯಾಕಿ’ ಬೆಳೆಸುತ್ತಿದ್ದೇನೆ. ಮೊನ್ನೆ ಮಣ್ಣು ಬದಲಿಸಲು ಕುಂಡವನ್ನು ಬೋರಲು ಹಾಕಿದರೆ ಮುಷ್ಟಿಗಾತ್ರದ ಮೂರು ಗೆಡ್ಡೆಗಳು! ಒಂದಂತೂ ಕುಂಡದ ಗೋಡೆಗೆ ಒತ್ತಿಕೊಂಡು ರೊಟ್ಟಿಯಂತೆ ಚಪ್ಪಟೆಯಾಗಿದೆ. ತಿನ್ನಬಹುದೇ? ಮತ್ತೆ ನೆಡಬಹುದೇ?

ನೇರಮಾತು: ಖಂಡಿತ ತಿನ್ನಬೇಡಿ. ಅಂದಕ್ಕೆ ಬೆಳೆಸುವ ಗಿಡ ಅದು. ವಿಷ.

ಕುಂಡಪ್ರಿಯೆ: ‘ವಿಷ’ವಂತೆ! ಅದೂ ಐಪೋಮಿಯ ಬಟಾಟಾಸ್, ತಿನ್ನುವ ಗೆಣಸೂ ಐಪೋಮಿಯ ಬಟಾಟಾಸ್. ತಳಿ ಮಾತ್ರ ಬೇರೆ. ನಾನು ಬೇಯಿಸಿ ತಿಂದಿದ್ದೇನೆ. ಸಪ್ಪೆ, ಕೊನೆಯಲ್ಲಿ ಸ್ವಲ್ಪ ಕಹಿ. ರುಚಿಯಿಲ್ಲದ್ದೆಲ್ಲ ವಿಷವಾದರೆ ನನ್ನ ಅರ್ಧ ಅಡುಗೆ ವಿಷವೇ.

ಗಿಡಬಲ್ಲವ: ಮೊದಲಿಗೆ, ಅದು ಗೆಡ್ಡೆಯೇ ಅಲ್ಲ. ಆಲೂಗಡ್ಡೆ ಉಬ್ಬಿದ ಕಾಂಡ, ಅದಕ್ಕೇ ಅದರಲ್ಲಿ ಕಣ್ಣುಗಳಿವೆ. ಗೆಣಸು ಉಬ್ಬಿದ ಬೇರು.

ನೇರಮಾತು: ಬೇರಾದರೆ ಚಿಗುರುವುದು ಹೇಗೆ ಸ್ವಾಮಿ? ಬುಟ್ಟಿಯಲ್ಲಿ ಮರೆತಿದ್ದ ಗೆಣಸು ನಮ್ಮ ಮನೆಯಲ್ಲೇ ಚಿಗುರಿದೆ.

ಗಿಡಬಲ್ಲವ: ಬೇರಿನಲ್ಲೂ ಹೊಸದಾಗಿ ಮೊಗ್ಗು ಮೂಡಬಲ್ಲದು. ಬಳ್ಳಿಗೆ ಅಂಟಿಕೊಂಡಿದ್ದ ತುದಿಯಲ್ಲಿ ಹೆಚ್ಚು ಚಿಗುರು ಬರುತ್ತದೆ, ಗಮನಿಸಿ.

ನೇರಮಾತು: ‘ಹೆಚ್ಚು’ ಎಂದಿರಿ. ಅಂದರೆ ಉಳಿದೆಡೆಯೂ ಬರುತ್ತದೆ ಎಂದಾಯಿತು. ಇಷ್ಟಕ್ಕೂ ‘ಗೆಡ್ಡೆಗೆಣಸು’ ಎಂದೇ ಜನ ಹೇಳುತ್ತಾ ಬಂದಿಲ್ಲವೇ? ಅವರೆಲ್ಲ ದಡ್ಡರೇ?

ಗಿಡಬಲ್ಲವ: ಜನ ಸರಿಯಾಗಿಯೇ ಹೇಳಿದ್ದಾರೆ! ಗೆಡ್ಡೆ ಬೇರೆ, ಗೆಣಸು ಬೇರೆ. ಅದಕ್ಕೇ ಎರಡು ಪದ.

ಕುಂಡಪ್ರಿಯೆ: ಹಾಗಾದರೆ ‘ದುಡ್ಡುಕಾಸು’? ಜೋಡುನುಡಿಯಲ್ಲಿ ಸಸ್ಯಶಾಸ್ತ್ರ ಹುಡುಕಬೇಡಿ.

ಗಿಡಬಲ್ಲವ: ದುಡ್ಡೇ ಬೇರೆ, ಕಾಸೇ ಬೇರೆ. ಎರಡೂ ಹಳೆಯ ನಾಣ್ಯಗಳ ಹೆಸರು ಮೇಡಂ. ಉದಾಹರಣೆ ಕೊಡುವ ಮುನ್ನ ಒಮ್ಮೆ ನಿಘಂಟು ತೆರೆಯಿರಿ.

ಕುಂಡಪ್ರಿಯೆ: ನಿಘಂಟು ನೀವೇ ಇಟ್ಟುಕೊಳ್ಳಿ. ಕುಂಡಕ್ಕೆ ಕೈ ಹಾಕಿದವರ ಮಾತು ಬೇರೆ.

ತಾರಸಿತೋಟ: ನನ್ನ ಪ್ರಶ್ನೆ?

ಹಳೇಮಾಲಿ: ಹೊಸದಾಗಿ ಕೊಂಡ ಸಸಿಯಾದರೆ ಬೇಡ, ಕೀಟನಾಶಕ ಹೊಡೆದಿರಬಹುದು. ನಿಮ್ಮದು ಎರಡು ವರ್ಷದ್ದು, ಗಟ್ಟಿಯಾಗಿದ್ದರೆ ಬೇಯಿಸಿ ನೋಡಿ. ಬೂಸ್ಟು ಹಿಡಿದದ್ದು, ಹುಳು ಕೊರೆದದ್ದು ಮಾತ್ರ ಬೇಡ. ಅಂಥ ಗೆಣಸಿನಲ್ಲಿ ವಿಷ ಹುಟ್ಟುತ್ತದೆ, ತಿಂದ ದನಗಳು ಉಸಿರುಕಟ್ಟಿ ಸತ್ತದ್ದುಂಟು. ನೆಡಲು ಎತ್ತಿಡುವುದಾದರೆ 12–15 ಡಿಗ್ರಿ ಸೆಲ್ಸಿಯಸ್ ಇರುವ ಜಾಗ ಒಳ್ಳೆಯದು. ಫ್ರಿಜ್ಜಿನಲ್ಲಿಟ್ಟರೆ ಕೆಡುತ್ತದೆ. ಅವಸರವಿದ್ದರೆ ಬಳ್ಳಿಯ ತುಂಡನ್ನೇ ನೀರಿನಲ್ಲಿಡಿ, ವಾರದೊಳಗೆ ಬೇರು ಬರುತ್ತದೆ.

ನೇರಮಾತು: ನೋಡಿದಿರಾ, ‘ವಿಷ’! ನಾನು ಮೊದಲೇ ಹೇಳಿರಲಿಲ್ಲವೇ?

ಕುಂಡಪ್ರಿಯೆ: ‘ಬೂಸ್ಟು ಹಿಡಿದದ್ದು’ ಎಂಬುದು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಲ್ಲವೇ?

ತಾರಸಿತೋಟ: ಎರಡನ್ನು ಬೇಯಲು ಇಟ್ಟಿದ್ದೇನೆ. ಚಪ್ಪಟೆ ಗೆಡ್ಡೆಯನ್ನು ಮತ್ತೆ ಕುಂಡದಲ್ಲಿ ಹೂತೆ.

ಗಿಡಬಲ್ಲವ: ಚಪ್ಪಟೆ ಬೇರನ್ನು.