ವಾಷಿಂಗ್ಟನ್, ಡು ಬಾಯ್ಸ್ ಇಬ್ಬರಲ್ಲೇ ಅಮೆರಿಕದ ಕಪ್ಪು ಚಿಂತನೆ ಮುಗಿಯಿತೇ?

ಪ್ರಶ್ನೆ: ಎಂ.ಎ. ಇತಿಹಾಸದ ಸೆಮಿನಾರ್ ಪ್ರಬಂಧಕ್ಕೆ ಕೇಳುತ್ತಿದ್ದೇನೆ. ನೋಟ್ಸ್‌ಗಳಲ್ಲೆಲ್ಲ ಒಂದೇ ಕೋಷ್ಟಕ: ಅಮೆರಿಕದ ಕಪ್ಪು ನಾಯಕರಲ್ಲಿ ಬುಕರ್ ವಾಷಿಂಗ್ಟನ್ ಎಂದರೆ ಬಿಳಿಯರೊಡನೆ ಹೊಂದಾಣಿಕೆ, ಡು ಬಾಯ್ಸ್ ಎಂದರೆ ಹಕ್ಕಿಗಾಗಿ ಹೋರಾಟ. ಇಷ್ಟು ಸಾಕಾ?

ಉತ್ತರ 1: ಸಾಲದು. ಕೋಷ್ಟಕದ ಎರಡೂ ಕಡೆ ತೂತಿದೆ. ಸಾಮಾಜಿಕವಾಗಿ ಬೆರಳುಗಳಂತೆ ಬೇರೆಯಾಗಿದ್ದರೂ ಏಳಿಗೆಯಲ್ಲಿ ಕೈಯಂತೆ ಒಂದಾಗಿರೋಣ ಎಂದು ವಾಷಿಂಗ್ಟನ್ 1895ರಲ್ಲಿ ಅಟ್ಲಾಂಟಾದಲ್ಲಿ ಹೇಳಿದಾಗ, ಅಭಿನಂದನೆ ಕಳಿಸಿದವರಲ್ಲಿ ಡು ಬಾಯ್ಸ್ ಕೂಡ ಒಬ್ಬರು! ವಾಷಿಂಗ್ಟನ್ ಬಗ್ಗೆ ಡು ಬಾಯ್ಸ್ ಅವರ ಪ್ರಸಿದ್ಧ ಟೀಕೆ ಬಂದದ್ದು 1903ರಲ್ಲಿ. ಇತ್ತ ವೇದಿಕೆಯ ಮೇಲೆ ಮತದ ಹಕ್ಕಿನ ಮಾತು ತಗ್ಗಿಸಿದ ವಾಷಿಂಗ್ಟನ್, ಕಪ್ಪು ಜನರ ಮತ ಕಿತ್ತುಕೊಂಡ ಅಲಬಾಮದ 1901ರ ಸಂವಿಧಾನದ ವಿರುದ್ಧ ಗೈಲ್ಸ್ ಎಂಬ ಕಪ್ಪು ವ್ಯಕ್ತಿ ಹೂಡಿದ ಮೊಕದ್ದಮೆಗೆ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು. 1903ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಸು ಬಿತ್ತು. ವಾಷಿಂಗ್ಟನ್ ನಡೆಸುತ್ತಿದ್ದ ಟಸ್ಕೆಗೀ ಶಿಕ್ಷಣ ಸಂಸ್ಥೆ ಬಿಳಿಯ ದಾನಿಗಳನ್ನು ನೆಚ್ಚಿಕೊಂಡಿತ್ತು, ಹಾಗಾಗಿ ಹೆಸರು ಹೊರಬರುವಂತಿರಲಿಲ್ಲ. ಬರೀ ಭಾಷಣ ಓದಿದರೆ ಇದು ಸಿಗದು, ಪತ್ರಗಳನ್ನೂ ನೋಡಿ.

ಉತ್ತರ 2: ಡು ಬಾಯ್ಸ್ ಹೆಸರು ಬರೆಯುವಾಗಲೆಲ್ಲ ಪಕ್ಕದಲ್ಲಿ ಇಸವಿ ಹಾಕಿ. ಕಪ್ಪು ಜನರ ಹಕ್ಕಿಗೆ ಹೋರಾಡುವ ಸಂಘಟನೆಯಾದ ಎನ್‌ಎಎಸಿಪಿಯ ‘ದ ಕ್ರೈಸಿಸ್’ ಪತ್ರಿಕೆಯನ್ನು 1910ರಿಂದ ನಡೆಸಿದವರು, ಆರ್ಥಿಕ ಕುಸಿತದ ಕಾಲದಲ್ಲಿ ‘ಕಪ್ಪು ಜನ ತಮ್ಮದೇ ಸಹಕಾರ ಸಂಘ ಕಟ್ಟಿಕೊಳ್ಳಲಿ, ತಾವಾಗಿ ಬೇರೆ ನಿಂತರೆ ತಪ್ಪಿಲ್ಲ’ ಎಂಬ ವಾದ ಹೂಡಿದರು. ಸಂಘಟನೆ ಒಪ್ಪಲಿಲ್ಲ. 1934ರಲ್ಲಿ ರಾಜೀನಾಮೆ. ಮರುವರ್ಷದ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ನಲ್ಲಿ, ಅಂತರ್ಯುದ್ಧದ ಹೊತ್ತು ಗುಲಾಮರು ತೋಟಗಳನ್ನು ಬಿಟ್ಟು ಹೊರಟದ್ದನ್ನೇ ಸಾರ್ವತ್ರಿಕ ಮುಷ್ಕರ ಎಂದರು. 1903ರ ಡು ಬಾಯ್ಸ್ ಇದನ್ನು ಬರೆಯುತ್ತಿರಲಿಲ್ಲ.

ಉತ್ತರ 3: ಹೆಂಗಸರನ್ನು ಕೊನೆಯ ಪ್ಯಾರಾಕ್ಕೆ ತಳ್ಳಬೇಡಿ. ಕಪ್ಪು ಹೆಣ್ಣಿನ ನೆಲೆಯಿಂದ ಆನಾ ಜೂಲಿಯಾ ಕೂಪರ್ ಪುಸ್ತಕ ಬರೆದದ್ದು 1892ರಲ್ಲಿ, ಅಂದರೆ ಅಟ್ಲಾಂಟಾ ಭಾಷಣಕ್ಕೂ ಮೊದಲು. ಕಪ್ಪು ಪತ್ರಕರ್ತೆ ಐಡಾ ವೆಲ್ಸ್ ಅವರ ಪಟ್ಟು ಗಮನಿಸಿ: 1895ರ ‘ಎ ರೆಡ್ ರೆಕಾರ್ಡ್’ನಲ್ಲಿ ಗುಂಪುಹತ್ಯೆಯ ಲೆಕ್ಕ ಕೊಡಲು ‘ಷಿಕಾಗೋ ಟ್ರಿಬ್ಯೂನ್’ ಅಚ್ಚು ಹಾಕಿದ್ದ ಅಂಕಿಗಳನ್ನೇ ಬಳಸಿದರು. ಬಿಳಿಯರ ಪತ್ರಿಕೆಯದೇ ಲೆಕ್ಕ, ಸುಳ್ಳು ಎನ್ನುವುದು ಹೇಗೆ?

ಕಪ್ಪು ರಾಷ್ಟ್ರೀಯತೆಯ ನಾಯಕ ಮಾರ್ಕಸ್ ಗಾರ್ವಿಯನ್ನು ‘ಆಫ್ರಿಕಾಕ್ಕೆ ಮರಳಿ’ ಎಂಬ ಒಂದೇ ಸಾಲಿಗೆ ಇಳಿಸುವುದೂ ತಪ್ಪು. ಅವರ 1919ರ ಬ್ಲ್ಯಾಕ್ ಸ್ಟಾರ್ ಲೈನ್ ಹಡಗು ಕಂಪನಿಯ ಷೇರು ತಲಾ 5 ಡಾಲರ್, ಕೂಲಿಯವರಿಗೂ ಎಟುಕುವ ಬೆಲೆ. ಹಳೇ ಹಡಗುಗಳಿಗೆ ದುಬಾರಿ ಬೆಲೆ ತೆತ್ತು, ರಿಪೇರಿಯಲ್ಲೇ ಸೊರಗಿ 1922ಕ್ಕೆ ನಿಂತುಹೋಯಿತು.

ಪ್ರಶ್ನೆ ಕೇಳಿದವರು: ಅಂಬೇಡ್ಕರ್ ಅವರು ಡು ಬಾಯ್ಸ್‌ಗೆ ಪತ್ರ ಬರೆದಿದ್ದು ನಿಜವಾ?

ಉತ್ತರ 2: ನಿಜ, 1946ರಲ್ಲಿ. ಕಪ್ಪು ಜನರ ಪರವಾಗಿ ನ್ಯಾಷನಲ್ ನೀಗ್ರೋ ಕಾಂಗ್ರೆಸ್ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಡು ಬಾಯ್ಸ್ ಅದೇ ವರ್ಷ ಜುಲೈನಲ್ಲಿ ಉತ್ತರಿಸಿದರು.